ಮಷೀನ್ ಬದಲಾಯಿಸಿದ್ರಿ, ಹೆಸರು ಯಾವಾಗ?

ನಮ್ಮ ಹಾಸ್ಟೆಲ್‌ನಲ್ಲಿ ಒಂದು ರೌಂಡ್ ಹೊಡೆದು ಎಲ್ಲರ ಎಡಗೈ ನೋಡಿ. ಸ್ವಿಟ್ಜರ್ಲೆಂಡ್‌ನ ಅರ್ಧ ವಾಚ್ ಕಂಪನಿಗಳು ಇಲ್ಲೇ ಸಿಗ್ತವೆ. ರೋಲೆಕ್ಸ್ ಇದೆ, ಒಮೆಗಾ ಇದೆ, ಟಿಸ್ಸೋ ಇದೆ. ಮೆಸ್ ಬಿಲ್ ಕಟ್ಟೋಕೆ ಮುಂದಿನ ತಿಂಗಳವರೆಗೆ ಟೈಮ್ ಕೇಳೋ ಹುಡುಗನ ಕೈಯಲ್ಲಿ ಹತ್ತು ಲಕ್ಷದ ವಾಚು! ಎಲ್ಲಾ 'ಫಸ್ಟ್ ಕಾಪಿ'. ಡೂಪ್ಲಿಕೇಟ್ ಅಂದ್ರೆ ಬೇಜಾರು, ಫಸ್ಟ್ ಕಾಪಿ ಅಂದ್ರೆ ಒಂಥರಾ ಗೌರವ. ಫಸ್ಟ್ ಕಾಪಿ ಆದ್ಮೇಲೆ ಸೆಕೆಂಡ್ ಕಾಪಿ ಯಾವುದು ಅಂತ ಮಾತ್ರ ಇದುವರೆಗೆ ಯಾರೂ ಹೇಳಿಲ್ಲ.

ಫಸ್ಟ್ ಕಾಪಿ ಕಟ್ಟೋರನ್ನ ಗೇಲಿ ಮಾಡೋದು ಸುಲಭ. ಈ ಲೇಖನ ಅದಕ್ಕಲ್ಲ. ಆ ಗುಂಪಿನ ಒಳಗೇ ಇನ್ನೊಂದು ಸಣ್ಣ ಗುಂಪಿದೆ. ಒಂದು ಡೂಪ್ಲಿಕೇಟ್ ವಾಚು ತಗೊಂಡು, ಅದರ ಮೇಲೆ ಪ್ರೀತಿ ಬಂದು, ವರ್ಷಗಟ್ಟಲೆ ಅದನ್ನ ಬಿಚ್ಚಿ, ಒಂದೊಂದೇ ಭಾಗ ಬದಲಾಯಿಸಿ, ಮೊದಲಿಗಿಂತ ಹತ್ತು ಪಾಲು ಒಳ್ಳೇ ವಾಚು ಮಾಡಿಕೊಂಡಿರೋರು. ನಾನೂ ಆ ಗುಂಪಿನವನು. ನನ್ನ ಮಾತು ಅವರ ಜೊತೆ. ನನ್ನ ವಾದ ಎರಡೇ. ಒಂದು: ವಾಚು ಬಿಚ್ಚಿ ಕಟ್ಟೋದು ನಮ್ಮಂಥವರ ಕೈಗೆ ಎಟುಕೋ ಅತ್ಯುತ್ತಮ ಎಂಜಿನಿಯರಿಂಗ್ ಪಾಠ, ಅದರಲ್ಲಿ ನಾಚಿಕೆಪಡೋಕೆ ಏನೂ ಇಲ್ಲ. ಎರಡು: ಎಲ್ಲ ಬದಲಾಯಿಸಿ ಡಯಲ್ ಮೇಲಿನ ಹೆಸರು ಮಾತ್ರ ಹಾಗೇ ಬಿಟ್ಟರೆ ಆ ಕೆಲಸ ಅರ್ಧಕ್ಕೇ ನಿಂತಂತೆ.

ಒಂದು ವಾಚಿನಲ್ಲಿ ಎಷ್ಟು ಸೆಮಿಸ್ಟರ್

ಏನೇನು ಬದಲಾಯಿಸಬಹುದು ಅಂತ ಗೊತ್ತಿಲ್ಲದೋರಿಗೆ ನನ್ನ ವಾಚಿನ ಲೆಕ್ಕ ಹೇಳ್ತೀನಿ. ಪಿಯುಸಿ ಮುಗಿದ ಬೇಸಿಗೆಯಲ್ಲಿ 1,400 ರೂಪಾಯಿಗೆ ತಗೊಂಡದ್ದು. ಕಪ್ಪು ಡಯಲ್, ತಿರುಗೋ ಬೆಜೆಲ್, ಸ್ಟೀಲ್ ಚೈನು, ಡಯಲ್ ಮೇಲೆ ದೊಡ್ಡ ಸ್ವಿಸ್ ಕಂಪನಿಯ ಹೆಸರು. ಒಳಗೆ ಸೆಲ್ಲು ಹಾಕದ ಆಟೊಮ್ಯಾಟಿಕ್ ಮಷೀನು. ಕೈ ಆಡಿಸಿದರೆ ತಾನೇ ಕೀ ಕೊಟ್ಟುಕೊಳ್ಳುತ್ತೆ.

ಮೊದಲು ಹೋದದ್ದು ಚೈನು. ಅಗ್ಗದ ಚೈನಿನ ಕೊಂಡಿಗಳು ಒಳಗೆ ಟೊಳ್ಳು, ತಗಡು ಮಡಚಿ ಮಾಡಿರ್ತಾರೆ. ಪಿನ್ನು ಸಡಿಲ ಆಗಿ ಬಸ್ಸಿನಲ್ಲಿ ಕಂಬಿ ಹಿಡಿದಾಗಲೇ ಕಳಚಿಕೊಳ್ಳುತ್ತೆ. ಗಟ್ಟಿ ಕೊಂಡಿಯ ಚೈನು ಹಾಕಿದೆ. ಆಮೇಲೆ ಗ್ಲಾಸು. ಅದರಲ್ಲಿ ಇದ್ದದ್ದು ಸಾದಾ ಮಿನರಲ್ ಗ್ಲಾಸು. ಮೋಸ್ ಗಡಸುತನದ ಅಳತೆಯಲ್ಲಿ ಅದು 5–6ರ ಹತ್ತಿರ. ನಮ್ಮ ಮಣ್ಣಿನಲ್ಲಿರೋ ಬೆಣಚು 7. ಅಂದ್ರೆ ಬೇಸಿಗೆಯ ಧೂಳು ಒರೆಸಿದರೇ ಗೀರು ಬೀಳುತ್ತೆ. ಸಫಾಯರ್ ಗ್ಲಾಸು 9. ಮೊದಲ ವರ್ಷ ಮೆಟೀರಿಯಲ್ ಸೈನ್ಸ್‌ನಲ್ಲಿ ಬಾಯಿಪಾಠ ಹೊಡೆದ ಟೇಬಲ್ಲು, ಗ್ಲಾಸು ಬದಲಾಯಿಸಿದ ದಿನ ಅರ್ಥ ಆಯಿತು.

ಮೂರನೇದು ಮಷೀನು. ಅಲ್ಲೇ ನಿಜವಾದ ಪಾಠ ಶುರು.

ಇಂಥ ವಾಚುಗಳಲ್ಲಿ ಸಾಮಾನ್ಯವಾಗಿ ಇರೋದು ಜಪಾನಿನ ಮಿಯೋಟಾ 8215ರ ಚೀನೀ ನಕಲು. ಅದರ ಜಾಗಕ್ಕೆ ಬಹಳ ಜನ ಹಾಕೋದು ಸೈಕೋ ಗುಂಪಿನ ಎನ್‌ಎಚ್ 35. 24 ಜ್ಯುವೆಲ್, ಗಂಟೆಗೆ 21,600 ಬಡಿತ, ಪೂರ್ತಿ ಕೀ ಕೊಟ್ಟರೆ ಸುಮಾರು 41 ಗಂಟೆ ಓಡುತ್ತೆ. ಕೀ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತೆ, ಹಾಗಾಗಿ ಸೆಕೆಂಡಿಗೆ ಸರಿಯಾಗಿ ಟೈಮ್ ಇಡಬಹುದು. ಕೇಳೋಕೆ ಸುಲಭ: ಹಳೇದು ತೆಗಿ, ಹೊಸದು ಹಾಕು. ಮಾಡೋಕೆ ಕೂತಾಗ ಗೊತ್ತಾಗುತ್ತೆ. ಮಿಯೋಟಾ 8215ರ ವ್ಯಾಸ 26 ಮಿ.ಮೀ., ಎನ್‌ಎಚ್ 35ರದ್ದು 27.4. ಒಳಗಿನ ಪ್ಲಾಸ್ಟಿಕ್ ಬಳೆ ಬದಲಾಗಬೇಕು. ಕೀ ಕಡ್ಡಿಯ ಎತ್ತರ ಬೇರೆ, ಕೇಸಿನ ತೂತಿಗೆ ನೇರ ಬರೋದಿಲ್ಲ. ಎಳೆದಾಡಿ ಕೂರಿಸಿದರೆ ಕಡ್ಡಿ ಮುರಿಯುತ್ತೆ, ಇಲ್ಲಾ ನೀರು ಒಳಗೆ ಹೋಗುತ್ತೆ. ಆದ್ದರಿಂದ ಕೇಸೂ ಬದಲಾಯಿತು.

ಮುಳ್ಳುಗಳ ಕಥೆ ಇನ್ನೂ ಚೆನ್ನಾಗಿದೆ. 8215ರಲ್ಲಿ ಗಂಟೆ ಮುಳ್ಳಿನ ತೂತು 1.50 ಮಿ.ಮೀ., ನಿಮಿಷದ್ದು 1.00, ಸೆಕೆಂಡಿನದ್ದು 0.17. ಎನ್‌ಎಚ್ 35ರಲ್ಲಿ 1.50, 0.90, 0.20. ಗಂಟೆ ಮುಳ್ಳು ಕೂರುತ್ತೆ. ನಿಮಿಷದ ಮುಳ್ಳು ಸಡಿಲ, ಜೋತು ಬೀಳುತ್ತೆ. ಸೆಕೆಂಡ್ ಮುಳ್ಳು ಒಳಗೇ ಹೋಗೋದಿಲ್ಲ. 0.03 ಮಿ.ಮೀ. ವ್ಯತ್ಯಾಸ, ಅಂದ್ರೆ 30 ಮೈಕ್ರಾನ್. ಲಿಮಿಟ್ಸ್, ಫಿಟ್ಸ್, ಟಾಲರೆನ್ಸ್ ಅಂತ ಬೋರ್ಡ್ ಮೇಲೆ ಬರೆದದ್ದು ನೋಡಿದ್ದೀವಲ್ಲ, ಕ್ಲಿಯರೆನ್ಸ್ ಫಿಟ್ ಅಂದ್ರೇನು, ಇಂಟರ್‌ಫಿಯರೆನ್ಸ್ ಫಿಟ್ ಅಂದ್ರೇನು ಅಂತ ಆ ಎರಡು ಮುಳ್ಳು ಹತ್ತು ನಿಮಿಷದಲ್ಲಿ ಕಲಿಸುತ್ತವೆ.

ನನಗೆ ಮುಳ್ಳು ಕೂರಿಸೋದು ಕಲಿಸಿದವರು ಕೊಟ್ಟೂರಿನ ಒಬ್ಬ ವಾಚ್ ರಿಪೇರಿ ಕಾಕಾ. ಗಾಜಿನ ಡಬ್ಬಿಯಂಥ ಮೇಜು, ಒಂದು ಟೇಬಲ್ ಲ್ಯಾಂಪು, ಕಣ್ಣಿಗೆ ಸಿಕ್ಕಿಸೋ ಭೂತಗನ್ನಡಿ, ಅಷ್ಟೇ ಅವರ ಲ್ಯಾಬು. ನಾನು ಚಿಮಟ ಹಿಡಿದು ಒತ್ತೋದು ನೋಡಿ ಹೇಳಿದ್ದು: "ತಮ್ಮಾ, ಇದು ಬಲ ಹಾಕೋ ಕೆಲ್ಸ ಅಲ್ಲ. ಮುಳ್ಳು ತಾನಾಗೇ ಕುಂದ್ರಬೇಕು, ನೀ ಬಡಿದು ಕುಂದ್ರಿಸಬಾರ್ದು." ವರ್ಕ್‌ಶಾಪ್‌ನಲ್ಲಿ ಸುತ್ತಿಗೆ ಹಿಡಿದು ಫಿಟ್ಟಿಂಗ್ ಮಾಡಿದ ಕೈಗೆ ಇದು ಬೇರೆಯದೇ ಶಾಲೆ.

ಆಮೇಲೆ ಟೈಮ್ ಟ್ಯೂನಿಂಗ್. ಗಂಟೆಗೆ 21,600 ಬಡಿತ ಅಂದ್ರೆ ಸೆಕೆಂಡಿಗೆ 6, ದಿನಕ್ಕೆ 5,18,400. ದಿನಕ್ಕೆ 10 ಸೆಕೆಂಡ್ ತಪ್ಪಿದರೆ ನಾವು 'ವಾಚು ಸರಿ ಇಲ್ಲ' ಅಂತೀವಿ. ಅದು 5,18,400ರಲ್ಲಿ ಬರೀ 60 ಬಡಿತ. ಅಂದ್ರೆ 99.98 ಪರ್ಸೆಂಟ್‌ಗಿಂತ ಹೆಚ್ಚು ನಿಖರ. ನಮ್ಮ ಯಾವ ಲ್ಯಾಬ್ ರೀಡಿಂಗ್ ಇಷ್ಟು ನಿಖರ ಇರುತ್ತೆ ಹೇಳಿ? ಎನ್‌ಎಚ್ 35ಕ್ಕೆ ಕಂಪನಿ ಹೇಳೋ ಮಿತಿ ದಿನಕ್ಕೆ 20 ಸೆಕೆಂಡ್ ಹಿಂದೆಯಿಂದ 40 ಸೆಕೆಂಡ್ ಮುಂದೆವರೆಗೆ. ಮೊಬೈಲ್ ಮೈಕ್‌ಗೆ ವಾಚು ಆನಿಸಿದರೆ ಬಡಿತ ಕೇಳಿ ಲೆಕ್ಕ ಹಾಕೋ ಆ್ಯಪ್‌ಗಳಿವೆ. ಸಣ್ಣ ಲಿವರ್ ಕೂದಲೆಳೆಯಷ್ಟು ಸರಿಸಿ, ನೋಡಿ, ಮತ್ತೆ ಸರಿಸಿ, ನಾಲ್ಕೈದು ಸೆಕೆಂಡಿಗೆ ತರಬಹುದು. ಒಂದು ಸಲ ನನ್ನ ವಾಚು ಇದ್ದಕ್ಕಿದ್ದಂತೆ ಗಂಟೆಗೆ ನಿಮಿಷಗಟ್ಟಲೆ ಮುಂದೆ ಓಡೋಕೆ ಶುರು ಮಾಡಿತು. ಕಾರಣ ಸ್ಪೀಕರ್ ಪಕ್ಕ ಇಟ್ಟಿದ್ದು. ಒಳಗಿನ ಹೇರ್‌ಸ್ಪ್ರಿಂಗ್ ಆಯಸ್ಕಾಂತವಾಗಿ ಅದರ ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗು ಗಿಡ್ಡ ಆದಂತೆ. ಬಡಿತ ಜೋರಾಗುತ್ತೆ. ಒಂದು ಕಾಯಿಲ್‌ನಲ್ಲಿ ಎಸಿ ಕರೆಂಟ್ ಹರಿಸಿ ವಾಚನ್ನ ನಿಧಾನ ದೂರ ತಂದರೆ ವಾಸಿ. ಇಷ್ಟು ವಿಷಯ, ಇಷ್ಟು ಡಿಪಾರ್ಟ್‌ಮೆಂಟು, ಅಂಗೈಯಷ್ಟು ಜಾಗದಲ್ಲಿ!

ಆದ್ದರಿಂದ 'ಡೂಪ್ಲಿಕೇಟ್ ವಾಚಿಗೆ ಯಾಕೆ ಇಷ್ಟು ದುಡ್ಡು ಸುರೀತೀಯಾ' ಅಂತ ಕೇಳೋರಿಗೆ ನನ್ನ ಉತ್ತರ: ದುಡ್ಡು ಸುರಿದದ್ದು ವಾಚಿಗಲ್ಲ, ಪಾಠಕ್ಕೆ. ಅದರಲ್ಲೂ ಅಗ್ಗದ ವಾಚೇ ಕಲಿಕೆಗೆ ಸರಿ. ಅಪ್ಪನ ಮದುವೆ ವಾಚು ಬಿಚ್ಚೋಕೆ ಧೈರ್ಯ ಬೇಕು. 1,400ರದ್ದು ಬಿಚ್ಚೋಕೆ ಒಂದು ಭಾನುವಾರ ಸಾಕು.

ಅದೇ ವಾಚಾ, ಬೇರೆಯಾ?

ಚೈನು, ಗ್ಲಾಸು, ಮಷೀನು, ಕೇಸು, ಮುಳ್ಳು ಎಲ್ಲ ಬದಲಾದ ಮೇಲೆ ಇದು ಅದೇ ವಾಚಾ ಅಂತ ದೋಸ್ತರು ಕೇಳ್ತಾರೆ. ಗ್ರೀಕರ ಹಡಗಿನ ಕಥೆ ಹೇಳ್ತಾರೆ, ಒಂದೊಂದೇ ಹಲಗೆ ಬದಲಾಯಿಸಿದ ಹಡಗು ಹಳೇದಾ ಹೊಸದಾ ಅಂತ. ನಮ್ಮ ಕಡೆಯೋರಿಗೆ ಅಷ್ಟು ದೂರ ಹೋಗೋದು ಬೇಕಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರು ರಥೋತ್ಸವದಲ್ಲಿ ತೇರು ಉರುಳಿಬಿತ್ತು, ಜನರಿಗೆ ಗಾಯ ಆಯಿತು. ಆಮೇಲೆ ಹೊಸ ತೇರು ಕಟ್ಟಿದರು. ಹೊಸ ಮರ, ಹೊಸ ಅಚ್ಚು. ಜನ ಏನಂತ ಎಳೀತಾರೆ? ಕೊಟ್ಟೂರೇಶ್ವರನ ತೇರು ಅಂತಲೇ. ಮರ ಯಾವ ವರ್ಷದ್ದು ಅಂತ ಮಿಣಿ ಹಿಡಿದೋರು ಯಾರೂ ಕೇಳೋದಿಲ್ಲ.

ಹರಪನಹಳ್ಳಿಯೋರನ್ನ ಕೇಳಿ. ಮೊದಲು ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ ಜಿಲ್ಲೆ, ಆಮೇಲೆ ಮತ್ತೆ ಬಳ್ಳಾರಿ, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಜೊತೆ ವಿಜಯನಗರ ಜಿಲ್ಲೆ. ಅಂಗಡಿ ಬೋರ್ಡು, ಲೆಟರ್‌ಹೆಡ್ಡು, ಆಫೀಸಿನ ಸೀಲು ಎಲ್ಲ ಬದಲಾದವು. ಇಲ್ಲೊಂದು ವಿಷಯ ಗಮನಿಸಿ. ಜಿಲ್ಲೆ ಬದಲಾದ ಮೇಲೂ ಹಳೇ ಜಿಲ್ಲೆಯ ಹೆಸರೇ ಬೋರ್ಡ್ ಮೇಲೆ ಇಟ್ಟುಕೊಂಡರೆ ಏನಾಗುತ್ತೆ? ಕಾಗದ ಎಲ್ಲಿಗೋ ಹೋಗುತ್ತೆ. ಬೋರ್ಡು ಇರೋದು ಒಳಗೆ ಏನಿದೆ ಅಂತ ಹೇಳೋಕೆ.

ವಾಚಿನ ಡಯಲ್ಲೂ ಒಂದು ಬೋರ್ಡೇ. ಮುಳ್ಳು ಟೈಮ್ ಹೇಳುತ್ತೆ, ಗ್ಲಾಸು ಧೂಳು ತಡೆಯುತ್ತೆ. ಡಯಲ್ ಮೇಲಿನ ಹೆಸರು ಮಾತ್ರ ಮಾತಾಡುತ್ತೆ: 'ನನ್ನನ್ನ ಇಂಥವರು ಮಾಡಿದ್ದು.' ನನ್ನ ವಾಚಿನಲ್ಲಿ ಮಷೀನು ಜಪಾನಿನ ಕಂಪನಿಯದ್ದು, ಕೇಸು ಎಲ್ಲೋ ಚೀನಾದ್ದು, ಜೋಡಿಸಿದ್ದು ನಾನು, ಕಲಿಸಿದ್ದು ಕೊಟ್ಟೂರಿನ ಕಾಕಾ. ಡಯಲ್ ಮೇಲೆ ಹೆಸರಿರೋ ಸ್ವಿಸ್ ಕಂಪನಿ ಮಾತ್ರ ಅದರಲ್ಲಿ ಏನೂ ಮಾಡಿಲ್ಲ, ಒಂದು ಸ್ಕ್ರೂ ಕೂಡ ತಿರುಗಿಸಿಲ್ಲ. ಅಷ್ಟೆಲ್ಲ ನಿಜವಾದ ಭಾಗಗಳ ನಡುವೆ ಸುಳ್ಳು ಹೇಳ್ತಿರೋದು ಆ ಐದಾರು ಅಕ್ಷರ ಮಾತ್ರ.

ಸುಳ್ಳು ಉಳಿಸಿಕೊಳ್ಳೋಕೇ ಜಾಸ್ತಿ ಕೆಲಸ

ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ, ಮಾಡ್ ಮಾಡೋರಿಗೆಲ್ಲ ಗೊತ್ತಿರೋದೇ. ಡಯಲ್‌ನ ಹಿಂದೆ ಎರಡು ಸಣ್ಣ ಕಾಲು ಇರ್ತವೆ, ಅವು ಮಷೀನಿನ ತೂತಿನಲ್ಲಿ ಕೂರಬೇಕು. ಒಂದು ಮಷೀನಿಗೆ ಮಾಡಿದ ಡಯಲ್ಲಿನ ಕಾಲು ಇನ್ನೊಂದಕ್ಕೆ ಸರಿಹೋಗೋದಿಲ್ಲ. ಹಳೇ ಡಯಲ್ ಬೇಕೇ ಬೇಕು ಅಂದ್ರೆ ಕಾಲು ಎರಡನ್ನೂ ಕತ್ತರಿಸಿ, ಉಜ್ಜಿ ಸಪಾಟು ಮಾಡಿ, ಅಂಟುಚುಕ್ಕಿ ಹಾಕಿ ಅಂಟಿಸಬೇಕು. ತಾರೀಕಿನ ಕಿಂಡಿ ಅಂಕಿಯ ಮೇಲೆ ಸರಿಯಾಗಿ ಬರಬೇಕು, ಕೀ ಇರೋ ಜಾಗಕ್ಕೆ 3 ಗಂಟೆ ಗುರುತು ನೇರ ಬರಬೇಕು. ಕೂದಲೆಳೆ ಓರೆ ಆದರೂ ಕಣ್ಣಿಗೆ ಹೊಡೆಯುತ್ತೆ. ವಾಚು ಬಿದ್ದರೆ ಅಂಟು ಬಿಟ್ಟು ಡಯಲ್ ತಿರುಗುತ್ತೆ.

ಅದೇ ಎನ್‌ಎಚ್ 35ಕ್ಕೆ ಅಂತಲೇ ಮಾಡಿದ, ಹೆಸರಿಲ್ಲದ 28.5 ಮಿ.ಮೀ. ಡಯಲ್ ಸಿಗುತ್ತೆ. ಕಾಲು ತಾನಾಗೇ ತೂತಿಗೆ ಬೀಳುತ್ತೆ, ಕಿಂಡಿ ಸರಿಯಾಗಿ ಬರುತ್ತೆ. ಎರಡು ನಿಮಿಷದ ಕೆಲಸ.

ಅಂದ್ರೆ ಲೆಕ್ಕ ಹೀಗೆ: ಪೂರ್ತಿ ಮಾಡ್ ಮಾಡಿದ ವಾಚಿನಲ್ಲಿ ಹಳೇ ಹೆಸರು ಉಳಿದಿದ್ದರೆ ಅದು ಸೋಮಾರಿತನದಿಂದ ಉಳಿದದ್ದಲ್ಲ. ಅದನ್ನ ಉಳಿಸೋಕೇ ಅಂತ ಒಬ್ಬ ಕೂತು ಕಾಲು ಕತ್ತರಿಸಿ, ಉಜ್ಜಿ, ಅಂಟಿಸಿದ್ದಾನೆ. ಮಷೀನಿಗಿಂತ ಹೆಚ್ಚು ಜೋಪಾನ ಆ ಹೆಸರಿಗೆ. ಯಾಕೆ? ಪ್ರಾಮಾಣಿಕವಾಗಿ ಉತ್ತರ ಕೊಟ್ಟರೆ ಒಂದೇ ಕಾರಣ: ನೋಡಿದೋರು ಒಂದು ಕ್ಷಣ ನಂಬಲಿ ಅಂತ.

ಜಪಾನಿನ ಮಷೀನು, ನಮ್ಮ ಹೆಸರು

ಬೇರೆಯವರ ಮಷೀನು ಹಾಕಿ ನಮ್ಮ ಹೆಸರು ಹೇಗೆ ಹಾಕೋದು, ಅದೂ ಸುಳ್ಳೇ ಅಲ್ವಾ ಅನ್ನಬಹುದು. ಅಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ, ಎಚ್‌ಎಂಟಿ.

1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಕೈಗಡಿಯಾರ ಮಾಡೋಕೆ ಹೊರಟಿತು. ವಿನ್ಯಾಸ ಸಿಟಿಜನ್ನದ್ದು, ಕಲಿಸಿದ್ದು ಜಪಾನಿನವರು. ಜನತಾ ವಾಚಿನ ಡಯಲ್ ಮೇಲೆ ಇರ್ತಿದ್ದ 'ಪ್ಯಾರಾಶಾಕ್' ಅನ್ನೋ ಪದ ಕೂಡ ಸಿಟಿಜನ್ನದ್ದೇ, ಬಿದ್ದರೂ ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿಯದಂತೆ ಕಾಯೋ ವ್ಯವಸ್ಥೆಯ ಹೆಸರು. ಆಗ ಬರೀ ಜಪಾನಿನ ಹೆಸರು ಹಾಕಿದ್ದರೆ ಬೇಗ ಮಾರಾಟ ಆಗ್ತಿತ್ತೇನೋ, 'ಫಾರಿನ್ ವಾಚು' ಅಂದ್ರೆ ಜನ ಮುಗಿಬೀಳ್ತಿದ್ದ ಕಾಲ ಅದು. ಹಾಗೆ ಮಾಡಲಿಲ್ಲ. ಒಪ್ಪಂದ ಮಾಡಿಕೊಂಡು, ದುಡ್ಡು ಕೊಟ್ಟು, ಕಲಿತು, ಡಯಲ್ ಮೇಲೆ ಎಚ್‌ಎಂಟಿ ಅಂತ ಹಾಕಿದರು. ಜನತಾ, ಸೋನಾ, ಪೈಲಟ್, ಕಾಂಚನ್ ಅಂತ ಹೆಸರಿಟ್ಟರು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕಟ್ಟದಿದ್ರೆ ಮುನಿಸು ಅನ್ನೋ ಮಟ್ಟಕ್ಕೆ ಆ ಹೆಸರು ಬೆಳೀತು. ನಮ್ಮ ಐದು ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಒಬ್ಬರಾದರೂ ಅಜ್ಜ ಟ್ರಂಕಿನಿಂದ ಒಂದು ಜನತಾ ತೆಗೆದು ತೋರಿಸ್ತಾರೆ.

ಈಗಲೂ ಇದು ನಡೀತಿದೆ. 2018ರಲ್ಲಿ ಶುರುವಾದ ಬೆಂಗಳೂರು ವಾಚ್ ಕಂಪನಿ ಮಷೀನನ್ನ ಹೊರಗಿನಿಂದ ತರಿಸುತ್ತೆ, ವಿನ್ಯಾಸ ತಾನು ಮಾಡುತ್ತೆ, ಡಯಲ್ ಮೇಲೆ ತನ್ನ ಹೆಸರು ಹಾಕುತ್ತೆ, ಮಷೀನು ಎಲ್ಲಿಂದ ಬಂತು ಅಂತಲೂ ಹೇಳುತ್ತೆ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಕಾನೂನು ಕೂಡ ಇದೇ ಗೆರೆ ಎಳೆದಿದೆ. ನಮ್ಮ ದೇಶದಲ್ಲಿ ಪೇಟೆಂಟ್ ಅವಧಿ 20 ವರ್ಷ. ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ, ಇನ್ನೊಂದು 5 ವರ್ಷ ವಿಸ್ತರಿಸಬಹುದು. ಅವಧಿ ಮುಗಿದ ಮೇಲೆ ಆ ಜ್ಞಾನ ಊರಿನದ್ದು, ಯಾರು ಬೇಕಾದರೂ ಮಾಡಬಹುದು. ಸ್ವಿಸ್ ಇಟಿಎ 2824 ಅನ್ನೋ ಪ್ರಸಿದ್ಧ ಮಷೀನನ್ನ ಇವತ್ತು ಸೆಲ್ಲಿಟಾ ಕಂಪನಿ ಎಸ್‌ಡಬ್ಲ್ಯು 200 ಅಂತ ರಾಜಾರೋಷವಾಗಿ ಮಾಡಿ ಮಾರುತ್ತೆ. ಅದು ಕಳ್ಳತನ ಅಲ್ಲ. ಆದರೆ ಟ್ರೇಡ್‌ಮಾರ್ಕ್ 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಮುಗಿಯೋದೇ ಇಲ್ಲ. ಸುಳ್ಳು ಟ್ರೇಡ್‌ಮಾರ್ಕ್ ಹಾಕಿದ ಸರಕು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಯಾಕೆ ಹೀಗೆ? ಜ್ಞಾನ ಹಂಚಿದರೆ ಸಮಾಜಕ್ಕೆ ಲಾಭ, ಅದಕ್ಕೆ ಗಡುವು. ಹೆಸರು ಅನ್ನೋದು 'ಇದಕ್ಕೆ ನಾನು ಜವಾಬ್ದಾರಿ' ಅನ್ನೋ ಮಾತು. ಇನ್ನೊಬ್ಬರ ಜವಾಬ್ದಾರಿಯನ್ನ ನಾವು ಹಂಚೋಕಾಗೋದಿಲ್ಲ.

ಎಚ್‌ಎಂಟಿಗೇ ಬಂದ ಫಸ್ಟ್ ಕಾಪಿ

ಇದು ಬರೀ ಸ್ವಿಸ್ ಸಾಹುಕಾರರ ತಲೆನೋವು ಅಂತ ಬಿಡೋಕಾಗೋದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚೋ ತೀರ್ಮಾನ ತಗೊಂಡ ಮೇಲೆ ಹಳೇ ಎಚ್‌ಎಂಟಿಗಳಿಗೆ ಬೇಡಿಕೆ ಬಂತು. ಈಗ ಆನ್‌ಲೈನ್‌ನಲ್ಲಿ ಹುಡುಕಿ ನೋಡಿ. ಕಾರ್ಖಾನೆ ಕನಸಲ್ಲೂ ಕಾಣದ ಬಣ್ಣದ ಡಯಲ್‌ಗಳು. ಹಳೇ ಡಯಲ್ ಉಜ್ಜಿ, ಬಣ್ಣ ಬಳಿದು, ಮೇಲೆ ಹೊಸದಾಗಿ ಎಚ್‌ಎಂಟಿ ಅಂತ ಪ್ರಿಂಟ್ ಹೊಡೆದು 'ವಿಂಟೇಜ್, ಒರಿಜಿನಲ್' ಅಂತ ಮಾರ್ತಾರೆ. ಒಳಗಿನ ಮಷೀನು ನಿಜವಾದ 17 ಜ್ಯುವೆಲ್ ಎಚ್‌ಎಂಟಿಯದ್ದೇ ಇರಬಹುದು. ಹೊರಗೆ ಬರೆದದ್ದು ಸುಳ್ಳು.

ನೆನಪಿಡಿ, ಮೂರು ಕೆಟ್ಟ ಜನತಾ ಸೇರಿಸಿ ಒಂದು ಓಡೋ ಜನತಾ ಮಾಡೋದು ತಪ್ಪಲ್ಲ. ಬಿಡಿಭಾಗ ಬರೋದು ನಿಂತ ಮೇಲೆ ನಮ್ಮ ಊರಿನ ರಿಪೇರಿಯವರು ಆ ವಾಚುಗಳನ್ನ ಬದುಕಿಸಿರೋದೇ ಹಾಗೆ. 'ಗ್ಲಾಸು ಬದ್ಲಿ ಮಾಡೀನಿ, ಸ್ಪ್ರಿಂಗು ಬ್ಯಾರೆ ವಾಚಿಂದು' ಅಂತ ಹೇಳಿ ಕೊಡ್ತಾರೆ. ಅದು ರಿಪೇರಿ. ಅದನ್ನೇ ಹೇಳದೆ ಕೊಟ್ಟರೆ ಮೋಸ. ಎರಡರ ನಡುವೆ ಇರೋ ವ್ಯತ್ಯಾಸ ಭಾಗಗಳದ್ದಲ್ಲ, ಬಾಯಿ ಮಾತಿನದ್ದು. ಅಜ್ಜನ ನೆನಪಿಗೆ ಅಂತ ಒಬ್ಬ ಹುಡುಗ ಮೂರು ಸಾವಿರ ಕೊಟ್ಟು ಇಂಥ ಪೇಂಟ್ ಹೊಡೆದ ಜನತಾ ತರಿಸಿಕೊಂಡರೆ ನಮಗೆ ಹೊಟ್ಟೆ ಉರಿಯುತ್ತೆ ತಾನೇ? ಆ ಉರಿ ನಮ್ಮ ಕೈಯಲ್ಲಿರೋ ಫಸ್ಟ್ ಕಾಪಿಗೂ ಅನ್ವಯ ಆಗಬೇಕು.

ನೀವು ಕೇಳೋ ಪ್ರಶ್ನೆಗಳು

'ನಾನೇನು ಮಾರ್ತೀನಾ? ನನ್ನ ಖುಷಿಗೆ ಕಟ್ಟಿಕೊಳ್ತೀನಿ.' ಸರಿ. ಆದರೆ ಒಳ್ಳೇ ಮಷೀನು ಹಾಕಿದ ವಾಚು ಇಪ್ಪತ್ತು ವರ್ಷ ಬದುಕುತ್ತೆ. ನಿಮ್ಮ ಕೈಯಲ್ಲೇ ಇರುತ್ತಾ? ತಮ್ಮನಿಗೆ ಹೋಗುತ್ತೆ, ಫೈನಲ್ ಇಯರ್ ಮುಗಿಸಿ ಹೋಗುವಾಗ ಜೂನಿಯರ್‌ಗೆ ಹೋಗುತ್ತೆ, ಅವನಿಂದ ಇನ್ನೊಬ್ಬನಿಗೆ. ಇಲ್ಲೇ ಒಂದು ಅಪಾಯ ಇದೆ. ಕೆಟ್ಟ ಡೂಪ್ಲಿಕೇಟನ್ನ ಯಾರಾದರೂ ಗುರುತಿಸ್ತಾರೆ: ಹಗುರ, ಟಕ್ ಟಕ್ ಸದ್ದು, ಮಂಜು ಹಿಡಿಯೋ ಗ್ಲಾಸು. ನೀವು ಸಫಾಯರ್ ಹಾಕಿ, ಗಟ್ಟಿ ಚೈನು ಹಾಕಿ, ಟೈಮು ಸೆಕೆಂಡಿಗೆ ಕೂರಿಸಿದ ಮೇಲೆ ಅದನ್ನ ಗುರುತಿಸೋದು ಕಷ್ಟ. ಅಂದ್ರೆ ಅಪ್‌ಗ್ರೇಡ್ ಮಾಡಿದಷ್ಟೂ ಆ ಸುಳ್ಳನ್ನೂ ಅಪ್‌ಗ್ರೇಡ್ ಮಾಡಿದಂತೆ. ಮೂರನೇ ಕೈಗೆ ಹೋದಾಗ 'ಒರಿಜಿನಲ್, ಅರ್ಧ ರೇಟು' ಆಗೋದು ಇಂಥ ವಾಚೇ. ಹತ್ತು ಸಾವಿರ ಕಳೆದುಕೊಳ್ಳೋನು ಹಡಗಲಿಯಿಂದಲೋ ಎಚ್.ಬಿ. ಹಳ್ಳಿಯಿಂದಲೋ ಮೊದಲ ಸಲ ಹಾಸ್ಟೆಲ್‌ಗೆ ಬಂದ ಹುಡುಗ, ಸ್ವಿಸ್ ಕಂಪನಿ ಅಲ್ಲ.

'ಒರಿಜಿನಲ್ ಕೊಳ್ಳೋ ತಾಕತ್ತು ನಮಗೆಲ್ಲಿದೆ?' ಇಲ್ಲ, ನನಗೂ ಇಲ್ಲ. ಆದರೆ ಒರಿಜಿನಲ್ ಅಂದ್ರೆ ದುಬಾರಿ ಅಂತ ಹೇಳಿದ್ದು ಯಾರು? ಅಜ್ಜನ ಜನತಾ ಒರಿಜಿನಲ್. ಪರೀಕ್ಷೆಗೆ ಕಟ್ಟಿಕೊಂಡು ಹೋಗೋ ಪ್ಲಾಸ್ಟಿಕ್ ಕ್ಯಾಸಿಯೋ ಒರಿಜಿನಲ್, ಅದರ ಒಳಗೆ ಸೆಕೆಂಡಿಗೆ 32,768 ಸಲ ಕಂಪಿಸೋ ಕ್ವಾರ್ಟ್ಸ್ ಹರಳು ಟೈಮಿನ ವಿಷಯದಲ್ಲಿ ಲಕ್ಷ ರೂಪಾಯಿಯ ಸ್ವಿಸ್ ಆಟೊಮ್ಯಾಟಿಕ್ಕನ್ನೂ ಸೋಲಿಸುತ್ತೆ. ನೀವೇ ಜೋಡಿಸಿದ, ಹೆಸರಿಲ್ಲದ ವಾಚೂ ಒರಿಜಿನಲ್ಲೇ, ಅಂಥದ್ದು ಲೋಕದಲ್ಲಿ ಒಂದೇ ಇರೋದು.

'ಆಕಾರ, ಬೆಜೆಲ್, ಬಣ್ಣ ಕೂಡ ಕಾಪಿಯೇ ಅಲ್ವಾ?' ಹೌದು. 1953ರ ಸಬ್‌ಮರೀನರ್ ಬಂದ ಮೇಲೆ ಈಜೋರ ವಾಚು ಅಂದ್ರೆ ಹಾಗೇ ಇರಬೇಕು ಅಂತ ಆಗಿಬಿಟ್ಟಿದೆ. ಹತ್ತಾರು ಕಂಪನಿಗಳು ತಮ್ಮ ಹೆಸರಲ್ಲೇ ಅಂಥ ವಾಚು ಮಾಡ್ತವೆ. ಅದರಲ್ಲಿ ಸ್ವಂತಿಕೆ ಕಡಿಮೆ ಅನ್ನಿ, ಒಪ್ಪೋಣ. ಆದರೆ ನೋಡಿದವನಿಗೆ ಯಾರು ಮಾಡಿದ್ದು ಅಂತ ತಪ್ಪು ತಿಳಿಯೋದಿಲ್ಲ. ಪ್ರಭಾವ ಬೇರೆ, ಸಹಿ ನಕಲು ಬೇರೆ.

ಇನ್ನೊಂದು ಮಾತು, ಇದು ನಮ್ಮ ಕಾಲೇಜಿಗೇ ಹತ್ತಿರದ್ದು. ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ ಏನಾಗುತ್ತೆ ನಮಗೆಲ್ಲ ಗೊತ್ತು. ಒಳಗೆ ಯಾರದೋ ಕೋಡು, ಹೊರಗಿನ ರಟ್ಟಿನ ಮೇಲೆ ಚಿನ್ನದ ಅಕ್ಷರದಲ್ಲಿ ನಮ್ಮ ಹೆಸರು. ಮಾಡ್ ಮಾಡಿದ ಫಸ್ಟ್ ಕಾಪಿ ಇದರ ಉಲ್ಟಾ: ಒಳಗೆ ನಮ್ಮ ಕೆಲಸ, ಹೊರಗೆ ಯಾರದೋ ಹೆಸರು. ಮೊದಲನೇದರಲ್ಲಿ ಮಾಡದ ಕೆಲಸಕ್ಕೆ ಹೆಸರು ತಗೊಳ್ತೀವಿ, ಎರಡನೇದರಲ್ಲಿ ಮಾಡಿದ ಕೆಲಸಕ್ಕೂ ಹೆಸರು ಬಿಟ್ಟುಕೊಡ್ತೀವಿ. ನನಗೆ ಎರಡನೇದು ಹೆಚ್ಚು ಬೇಸರ ತರಿಸುತ್ತೆ. 30 ಮೈಕ್ರಾನ್ ಜೊತೆ ಗುದ್ದಾಡಿ ಗೆದ್ದ ಹುಡುಗ, ಕೇಳಿದರೆ 'ಇದು ಸ್ವಿಸ್' ಅಂತಾನೆ. 'ಇದು ನಾನು ಮಾಡಿದ್ದು' ಅನ್ನೋದು ಅದಕ್ಕಿಂತ ದೊಡ್ಡ ಮಾತು ಅಂತ ಅವನಿಗೆ ಯಾರೂ ಹೇಳಿಲ್ಲ.

ಹಾಗಾದ್ರೆ ಏನು ಹಾಕೋಣ?

ನನ್ನ ವಾಚಿನ ಡಯಲ್ ಈಗ ಖಾಲಿ. ಗಂಟೆಯ ಗುರುತು, ತಾರೀಕು, ಅಷ್ಟೇ. ಹಾಸ್ಟೆಲ್‌ನಲ್ಲಿ ಕೈ ಹಿಡಿದು 'ಯಾವ ಕಂಪನಿ ಮಗಾ?' ಅಂತ ಕೇಳೋರು ಜಾಸ್ತಿ ಆಗಿದ್ದಾರೆ, ಯಾಕಂದ್ರೆ ಹೆಸರು ಇದ್ದಾಗ ಓದಿ ಸುಮ್ಮನಾಗ್ತಿದ್ರು. ಈಗ ಕೇಳಲೇಬೇಕು, ನಾನು ಹೇಳಲೇಬೇಕು. ಮಾತು ಮಷೀನಿನ ಕಡೆ ಹೋಗುತ್ತೆ, ಇಬ್ಬರು ಈಗಾಗಲೇ ತಮ್ಮದನ್ನ ಬಿಚ್ಚೋಕೆ ಶುರು ಮಾಡಿದ್ದಾರೆ.

ಖಾಲಿ ಬೋಳು ಅನಿಸಿದರೆ ಕನ್ನಡ ಸಂಘಕ್ಕೆ ಇದಕ್ಕಿಂತ ಒಳ್ಳೇ ಕೆಲಸ ಸಿಗೋದಿಲ್ಲ. 28.5 ಮಿ.ಮೀ.ನ ಹಿತ್ತಾಳೆ ತಟ್ಟೆ, ನಡುವೆ ಒಂದು ತೂತು. ಅದರ ಮೇಲೆ ೧ರಿಂದ ೧೨ರವರೆಗೆ ಕನ್ನಡ ಅಂಕಿ. ಡೆಕಾಲ್ ಹಾಳೆಯಲ್ಲಿ ಪ್ರಿಂಟ್ ತೆಗೆದು ನೀರಲ್ಲಿ ನೆನೆಸಿ ಜಾರಿಸಿದರೆ ಕೂರುತ್ತೆ, ಮೇಲೆ ತೆಳುವಾಗಿ ಲ್ಯಾಕರ್ ಹೊಡೆದರೆ ನಿಲ್ಲುತ್ತೆ. ಅಕ್ಷರ ವಿನ್ಯಾಸ ಮಾಡೋರು ನಮ್ಮ ಪತ್ರಿಕೆಯಲ್ಲೇ ಇದ್ದಾರೆ. ಹನ್ನೆರಡರ ಕೆಳಗೆ ನಿಮ್ಮ ಊರಿನ ಹೆಸರು ಹಾಕಿಕೊಳ್ಳಿ. ಸಣ್ಣಗೆ 'ಕೂಡ್ಲಿಗಿ' ಅಂತ ಇರೋ ಡಯಲ್ ನಾನಂತೂ ಕಟ್ಟಿಕೊಳ್ತೀನಿ.

ಸಂಘಕ್ಕೆ ನನ್ನ ಸಲಹೆ ಇಷ್ಟು. ಮುಂದಿನ ಸೆಮಿಸ್ಟರ್‌ನಲ್ಲಿ ಎರಡು ದಿನದ ವಾಚ್ ಕಮ್ಮಟ ಇಡೋಣ. ಮೆಕ್ಯಾನಿಕಲ್ ಲ್ಯಾಬಿನ ಒಂದು ಬೆಂಚು, ಹತ್ತು ಜೊತೆ ಚಿಮಟ, ಎರಡು ಭೂತಗನ್ನಡಿ ಸಾಕು. ಕಲಿಸೋಕೆ ದೊಡ್ಡ ಊರಿನ ಟ್ರೇನರ್ ಬೇಡ. ನಮ್ಮ ಐದೂ ಊರಿನ ಪೇಟೆಯಲ್ಲಿ ವಾಚ್ ರಿಪೇರಿಗೆ ಕೂತೋರು ಇನ್ನೂ ಇದ್ದಾರೆ. ಸೆಲ್ಲು ಬದಲಾಯಿಸೋದು, ಬೆಲ್ಟು ಹಾಕೋದು ಬಿಟ್ಟರೆ ಅವರ ಕೈಗೆ ತಕ್ಕ ಕೆಲಸ ಈಗ ಕಡಿಮೆ. ಅವರಲ್ಲಿ ಇಬ್ಬರನ್ನ ಕರೆಸೋಣ, ಬಸ್ ಚಾರ್ಜು, ಊಟ, ದಿನದ ಸಂಭಾವನೆ ಸರಿಯಾಗಿ ಕೊಡೋಣ, ಸರ್ಟಿಫಿಕೇಟ್ ಮೇಲೆ ಕಲಿಸಿದವರು ಅಂತ ಅವರ ಹೆಸರೇ ಹಾಕೋಣ. ಮನೆಯಲ್ಲಿ ನಿಂತುಹೋದ ಎಚ್‌ಎಂಟಿ ಇದ್ದರೆ ತನ್ನಿ, ಫಸ್ಟ್ ಕಾಪಿ ಇದ್ದರೂ ತನ್ನಿ, ಯಾರೂ ನಗೋದಿಲ್ಲ. ನಿಯಮ ಒಂದೇ ಇರಲಿ: ಎರಡನೇ ದಿನ ಸಂಜೆ ಬೆಂಚಿನಿಂದ ಎದ್ದು ಹೋಗೋ ಯಾವ ವಾಚಿನ ಡಯಲ್ ಮೇಲೂ ಅದನ್ನ ಮಾಡದವರ ಹೆಸರು ಇರಬಾರದು.